ಅಗ್ಗದ ಕ್ರೋಮ್‌ಬುಕ್ಕನ್ನೇ ಟ್ಯಾಬ್ಲೆಟ್ ಆಗಿ ಬಳಸುವುದು: ಆಯ್ಕೆಯಿಂದ ಸೆಟ್ಟಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಟ್ಯಾಬ್ಲೆಟ್ ಕೊಳ್ಳಲು ಹೊರಟವರು ಬರೀ ಟ್ಯಾಬ್ಲೆಟ್ ಕೊಂಡು ಸುಮ್ಮನಾಗುವುದು ಕಡಿಮೆ. ಮೊದಲು ಒರಗಿಸಿಡಲು ಒಂದು ಕವರ್ ಬರುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಬ್ಲೂಟೂತ್ ಕೀಬೋರ್ಡ್ ಬೇಕೆನಿಸುತ್ತದೆ, ಆಮೇಲೆ ಮೌಸ್. ಎಲ್ಲ ಸೇರಿದಾಗ ಕೈಗೆ ಬಂದಿರುವುದು ಹೆಚ್ಚುಕಡಿಮೆ ಒಂದು ಲ್ಯಾಪ್‌ಟಾಪೇ. ಹಾಗಿದ್ದರೆ ಮೊದಲೇ ಕೀಬೋರ್ಡ್ ಇರುವ, ಪರದೆ ಹಿಂದಕ್ಕೆ ಮಡಚುವ, ಬೆರಳಿನಿಂದ ಮುಟ್ಟಿ ಬಳಸಬಹುದಾದ ಒಂದು ಕ್ರೋಮ್‌ಬುಕ್ ಯಾಕಾಗಬಾರದು?

ಖಂಡಿತ ಆಗುತ್ತದೆ. ಆದರೆ ಎಲ್ಲ ಕ್ರೋಮ್‌ಬುಕ್ಕೂ ಆಗುವುದಿಲ್ಲ. ಸರಿಯಾದದ್ದನ್ನು ಆರಿಸಿದರೂ ಡಬ್ಬದಿಂದ ತೆಗೆದ ಹಾಗೇ ಬಳಸಿದರೆ ಅದು ಲ್ಯಾಪ್‌ಟಾಪ್ ಆಗಿಯೇ ಉಳಿಯುತ್ತದೆ. ಅದನ್ನು ಟ್ಯಾಬ್ಲೆಟ್ ಕೆಲಸಕ್ಕೆ ಒಗ್ಗಿಸಬೇಕು. ಅದು ಹೇಗೆ ಅನ್ನುವುದೇ ಈ ಬರಹ.

ಕ್ರೋಮ್‌ಬುಕ್ ಅಂದರೆ ಗೂಗಲ್‌ನ ಕ್ರೋಮ್‌ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್. 2011ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಬ್ರೌಸರ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 2016ರಿಂದ ಆಂಡ್ರಾಯ್ಡ್ ಆ್ಯಪ್‌ಗಳೂ ಓಡತೊಡಗಿದವು. 2018ರ ಹೊತ್ತಿಗೆ ಬೆರಳಿಗೆ ಹೊಂದುವ ಟ್ಯಾಬ್ಲೆಟ್ ಮೋಡ್ ಸರಿಯಾಗಿ ರೂಪುಗೊಂಡು, ಕ್ರೋಮ್‌ಓಎಸ್ ಇರುವ ಟ್ಯಾಬ್ಲೆಟ್ಟೇ ಹೊರಬಂತು. ಈ ಎರಡು ಬದಲಾವಣೆ ಆಗದಿದ್ದರೆ ಟ್ಯಾಬ್ಲೆಟ್ ಬದಲು ಇದನ್ನು ತಗೊಳ್ಳಿ ಅಂತ ನಾನು ಹೇಳುತ್ತಲೇ ಇರಲಿಲ್ಲ.

1. ಮೊದಲು ನಿಮ್ಮ ಬಳಕೆ ಎಲ್ಲಿ ಅಂತ ನೋಡಿ

ಒಂದು ವಾರ ಗಮನಿಸಿ. ನೀವು ಟ್ಯಾಬ್ಲೆಟ್ ಅಥವಾ ದೊಡ್ಡ ಫೋನನ್ನು ಎಷ್ಟು ಹೊತ್ತು ಕೈಯಲ್ಲಿ ಎತ್ತಿ ಹಿಡಿಯುತ್ತೀರಿ, ಎಷ್ಟು ಹೊತ್ತು ಎಲ್ಲಾದರೂ ಒರಗಿಸಿ ನೋಡುತ್ತೀರಿ? ವಿಡಿಯೋ ನೋಡುವಾಗ, ವಿಡಿಯೋ ಕಾಲ್ ಮಾಡುವಾಗ, ಅಡುಗೆ ಮಾಡುತ್ತಾ ರೆಸಿಪಿ ನೋಡುವಾಗ, ಮಕ್ಕಳು ಆನ್‌ಲೈನ್ ಪಾಠ ಕೇಳುವಾಗ ಅದು ಮೇಜಿನ ಮೇಲೋ ತೊಡೆಯ ಮೇಲೋ ಇರುತ್ತದೆ. ಬಹಳಷ್ಟು ಜನರ ಬಳಕೆ ಹೀಗೇ. ಇಲ್ಲೆಲ್ಲ ತಾನಾಗಿಯೇ ನಿಲ್ಲುವ ಕ್ರೋಮ್‌ಬುಕ್ ಟ್ಯಾಬ್ಲೆಟ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ನಿಂತುಕೊಂಡು ಒಂದು ಕೈಯಲ್ಲಿ ಹಿಡಿದು ಬಳಸುವುದು, ಬಸ್ಸು ರೈಲಿನಲ್ಲಿ ಗಂಟೆಗಟ್ಟಲೆ ಓದುವುದು, ದಿನವಿಡೀ ಚಿತ್ರ ಬಿಡಿಸುವುದು ನಿಮ್ಮ ಮುಖ್ಯ ಕೆಲಸವಾದರೆ ಟ್ಯಾಬ್ಲೆಟ್ಟನ್ನೇ ಕೊಳ್ಳಿ. ಹತ್ತು ಇಂಚಿನ ಟ್ಯಾಬ್ಲೆಟ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಹಿಂದಕ್ಕೆ ಮಡಚುವ 11 ಇಂಚಿನ ಕ್ರೋಮ್‌ಬುಕ್ ಒಂದು ಕಿಲೋ ದಾಟುತ್ತದೆ. ಈ ವ್ಯತ್ಯಾಸವನ್ನು ಯಾವ ಸೆಟ್ಟಿಂಗೂ ಕಡಿಮೆ ಮಾಡುವುದಿಲ್ಲ.

2. ಆರಿಸುವಾಗ ನೋಡಬೇಕಾದ್ದು

ಇಡೀ ಕೆಲಸದಲ್ಲಿ ತುಂಬಾ ಮುಖ್ಯವಾದ ಹಂತ ಇದು. ಆಮೇಲೆ ಸೆಟ್ಟಿಂಗ್ ಬದಲಾಯಿಸಬಹುದು, ಪರದೆಯನ್ನೋ ಕೀಲನ್ನೋ ಬದಲಾಯಿಸಲು ಆಗುವುದಿಲ್ಲ ಅಲ್ವಾ?

ಮೊದಲನೆಯದು ಕೀಲು. ಮೂರು ಬಗೆ ಇವೆ. ಮಾಮೂಲಿ ಲ್ಯಾಪ್‌ಟಾಪ್ ಹಾಗೆ ತೆರೆದು ಮುಚ್ಚುವಂಥದ್ದು ನಮ್ಮ ಕೆಲಸಕ್ಕೆ ಬೇಡ, ಟಚ್ ಸ್ಕ್ರೀನ್ ಇದ್ದರೂ ಬೇಡ. ಎರಡನೆಯದರಲ್ಲಿ ಪರದೆ 360 ಡಿಗ್ರಿ ತಿರುಗಿ ಕೀಬೋರ್ಡ್‌ನ ಬೆನ್ನಿಗೆ ಬಂದು ಕೂರುತ್ತದೆ. ಗಟ್ಟಿಮುಟ್ಟಾಗಿರುತ್ತದೆ, ತೊಡೆಯ ಮೇಲೆ ಇಟ್ಟು ಟೈಪ್ ಮಾಡಲು ಹಿತ, ಆದರೆ ಭಾರ. ಮೂರನೆಯದರಲ್ಲಿ ಕೀಬೋರ್ಡ್ ಕಳಚಿ ಬರುತ್ತದೆ. 2020ರಲ್ಲಿ ಬಂದ 10.1 ಇಂಚಿನ ಲೆನೊವೊ ಡ್ಯುಯೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಕೀಬೋರ್ಡ್ ತೆಗೆದರೆ ನಿಜವಾದ ಟ್ಯಾಬ್ಲೆಟ್ ಆಗುತ್ತದೆ, ಹಗುರ ಕೂಡ. ಆದರೆ ಕೀಬೋರ್ಡ್ ಸಪೂರ, ಮೇಜು ಬೇಕೇ ಬೇಕು. ತೊಡೆಯ ಮೇಲೆ ಇಟ್ಟರೆ ಅಲುಗಾಡುತ್ತದೆ. ಓದುವುದು ಜಾಸ್ತಿಯಾದರೆ ಕಳಚುವಂಥದ್ದು, ಬರೆಯುವುದು ಜಾಸ್ತಿಯಾದರೆ ಮಡಚುವಂಥದ್ದು ಅನ್ನುವುದು ನನ್ನ ಲೆಕ್ಕ.

ಎರಡನೆಯದು ಪರದೆ. ತೀರಾ ಅಗ್ಗದ ಮಾದರಿಗಳಲ್ಲಿ ಟಿಎನ್ ಬಗೆಯ ಪರದೆ ಹಾಕಿರುತ್ತಾರೆ. ಲ್ಯಾಪ್‌ಟಾಪ್ ಆಗಿ ನೇರ ಎದುರು ಕೂತು ನೋಡುವಾಗ ಅದು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಟ್ಯಾಬ್ಲೆಟ್ ಮಾಡಿ, ಪುಸ್ತಕದ ಪುಟದ ಹಾಗೆ ಉದ್ದಕ್ಕೆ ತಿರುಗಿಸಿದಾಗ ತೊಂದರೆ ಶುರು. ಈ ಪರದೆಯನ್ನು ಮೇಲಿನಿಂದ, ಕೆಳಗಿನಿಂದ ನೋಡಿದರೆ ಬಣ್ಣ ಕೆಡುತ್ತದೆ. ಉದ್ದಕ್ಕೆ ತಿರುಗಿಸಿದಾಗ ಆ ಮೇಲು ಕೆಳಗು ಎಡ ಬಲಗಳಾಗುತ್ತವೆ. ಒಂದು ಅಂಚು ಕಪ್ಪಗೆ, ಇನ್ನೊಂದು ಅಂಚು ಬಿಳಚಿಕೊಂಡು ಕಾಣುತ್ತದೆ, ತಲೆ ಸ್ವಲ್ಪ ಅಲುಗಿದರೆ ಅದೂ ಬದಲಾಗುತ್ತದೆ. ಅದಕ್ಕೇ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪರದೆ ಅಂತ ಬರೆದಿರುವುದನ್ನೇ ತಗೊಳ್ಳಿ. ಅಂಗಡಿಯಲ್ಲಿ ನೋಡುವುದಾದರೆ ಬಿಳಿ ಪುಟವೊಂದನ್ನು ತೆರೆದು, ಪರದೆಯನ್ನು ಉದ್ದಕ್ಕೆ ಹಿಡಿದು, ಎಡಕ್ಕೂ ಬಲಕ್ಕೂ ಓರೆ ಮಾಡಿ ನೋಡಿ. ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಪರದೆಯ ಆಕಾರವನ್ನೂ ನೋಡಿ. ಅಗಲ 16 ಪಾಲು, ಎತ್ತರ 9 ಪಾಲು ಇರುವ 16:9 ಪರದೆ ಸಿನಿಮಾಕ್ಕೆ ಸರಿ, ಉದ್ದಕ್ಕೆ ತಿರುಗಿಸಿದರೆ ತೀರಾ ಕಿರಿದಾಗುತ್ತದೆ. 16:10 ಅಥವಾ 3:2 ಸಿಕ್ಕರೆ ಓದಲು ಬಹಳ ಹಿತ.

ಮೂರನೆಯದು ರ್‍ಯಾಮ್ ಮತ್ತು ಸ್ಟೋರೇಜ್. 4 ಜಿಬಿ ರ್‍ಯಾಮ್‌ನಲ್ಲಿ ಓದು, ವಿಡಿಯೋ, ಕೆಲವೇ ಟ್ಯಾಬ್‌ಗಳು ಸಲೀಸಾಗಿ ನಡೆಯುತ್ತವೆ. ಆಂಡ್ರಾಯ್ಡ್ ಆ್ಯಪ್‌ಗಳನ್ನೂ ಜೊತೆಗೆ ಓಡಿಸುವವರು 8 ಜಿಬಿ ಹುಡುಕಿ. ಸ್ಟೋರೇಜ್ 64 ಜಿಬಿ ಇದ್ದರೆ ಒಳ್ಳೆಯದು. 32 ಜಿಬಿಯಲ್ಲಿ ಸಿಸ್ಟಮ್‌ಗೇ ಒಂದಷ್ಟು ಹೋಗುತ್ತದೆ, ಉಳಿದದ್ದು ಬೇಗ ತುಂಬುತ್ತದೆ. ಹಲವು ಮಾದರಿಗಳಲ್ಲಿ ಮೆಮೊರಿ ಕಾರ್ಡ್ ಹಾಕಬಹುದು, ಆದರೆ ಅದು ಫೈಲ್ ಇಡಲು ಮಾತ್ರ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಅಪ್‌ಡೇಟ್ ಯಾವತ್ತಿನವರೆಗೆ ಅನ್ನುವುದು. ಪ್ರತಿ ಕ್ರೋಮ್‌ಬುಕ್ ಮಾದರಿಗೂ ಒಂದು ಕೊನೆಯ ದಿನಾಂಕ ಇದೆ. ಆಮೇಲೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. 2021 ಅಥವಾ ಆಮೇಲೆ ಬಂದ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿತು. ಆ 10 ವರ್ಷ ನೀವು ಕೊಂಡ ದಿನದಿಂದ ಅಲ್ಲ, ಆ ಮಾದರಿಯ ಒಳಗಿನ ಪ್ಲಾಟ್‌ಫಾರ್ಮ್, ಅಂದರೆ ಮೂಲ ಹಾರ್ಡ್‌ವೇರ್, ಮಾರುಕಟ್ಟೆಗೆ ಬಂದಾಗಿನಿಂದ. ಡಬ್ಬ ಒಡೆಯದ ಹೊಸ ಯಂತ್ರಕ್ಕೂ ಕೆಲವು ವರ್ಷ ಆಗಲೇ ಕಳೆದಿರಬಹುದು. ಸೆಟ್ಟಿಂಗ್ಸ್ ತೆರೆದು, 'ಅಬೌಟ್ ಕ್ರೋಮ್‌ಓಎಸ್'ಗೆ ಹೋಗಿ, 'ಅಡಿಷನಲ್ ಡೀಟೇಲ್ಸ್' ಒತ್ತಿದರೆ ದಿನಾಂಕ ಕಾಣುತ್ತದೆ. ಕೊಳ್ಳುವ ಮೊದಲೇ ತಿಳಿಯಬೇಕಾದರೆ ಗೂಗಲ್‌ನ ಸಹಾಯ ಪುಟದಲ್ಲಿ ಮಾದರಿಯ ಹೆಸರು ಹುಡುಕಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಕ್ರೋಮ್‌ಬುಕ್‌ಗಳನ್ನು ಶಾಲೆಗಳು, ಕಂಪನಿಗಳು ಸಗಟಾಗಿ ಕೊಂಡು, ತಮ್ಮ ಹೆಸರಿಗೆ ನೋಂದಾಯಿಸಿ ಹಿಡಿತದಲ್ಲಿ ಇಟ್ಟುಕೊಂಡಿರುತ್ತವೆ. ಮಾರುವಾಗ ಆ ನೋಂದಣಿ ತೆಗೆಯದಿದ್ದರೆ ಯಂತ್ರ ನಿಮ್ಮದಾಗುವುದೇ ಇಲ್ಲ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರೂ ಮತ್ತೆ ಅದೇ ಸಂಸ್ಥೆಯ ಲಾಗಿನ್ ಕೇಳುತ್ತದೆ. ಹಾಗಾಗಿ ಹಣ ಕೊಡುವ ಮೊದಲು ಯಂತ್ರವನ್ನು ಪವರ್‌ವಾಶ್ (ಎಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡಿಸಿ, ವೈಫೈಗೆ ಸೇರಿಸಿ, ನಿಮ್ಮದೇ ಅಕೌಂಟ್‌ನಿಂದ ಒಳಗೆ ಹೋಗಿ ನೋಡಿ. ಹೋಗಲು ಬಿಟ್ಟರೆ ಮಾತ್ರ ವ್ಯಾಪಾರ. ಅದೇ ಹೊತ್ತಿಗೆ 'ಡಯಾಗ್ನಾಸ್ಟಿಕ್ಸ್' ಅನ್ನುವ ಆ್ಯಪ್ ತೆರೆದು ಬ್ಯಾಟರಿ ಹೆಲ್ತ್ ಎಷ್ಟಿದೆ ಅಂತಲೂ ನೋಡಿಬಿಡಿ.

3. ಮೊದಲ ದಿನ

ಆನ್ ಮಾಡಿ, ಗೂಗಲ್ ಅಕೌಂಟ್‌ನಿಂದ ಒಳಗೆ ಹೋಗಿ, ಬೇರೇನೂ ಮಾಡದೆ ಮೊದಲು ಅಪ್‌ಡೇಟ್ ಹಾಕಿ. ಬಹಳ ದಿನ ಗೋದಾಮಿನಲ್ಲಿದ್ದ ಯಂತ್ರವಾದರೆ ಒಂದಾದ ಮೇಲೊಂದು ಬರಬಹುದು. ಬೇಸರ ಬೇಡ, ಇನ್ನು ಮುಂದೆ ಇಷ್ಟು ಕಾಯಿಸುವುದಿಲ್ಲ. ಕ್ರೋಮ್‌ಓಎಸ್ ತನ್ನ ಎರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ನೀವು ಒಂದನ್ನು ಬಳಸುತ್ತಿರುವಾಗ ಇನ್ನೊಂದರ ಮೇಲೆ ಹೊಸದು ಕೂರುತ್ತದೆ. ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯಿತು.

ಆಮೇಲೆ ಪಿನ್ ಹಾಕಿಕೊಳ್ಳಿ. ಕೀಬೋರ್ಡ್ ಮಡಚಿಟ್ಟಾಗ ಉದ್ದದ ಪಾಸ್‌ವರ್ಡ್ ಒತ್ತುವುದು ಕಿರಿಕಿರಿ. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಪಿನ್' ಅಂತ ಹುಡುಕಿದರೆ ಸರಿಯಾದ ಜಾಗಕ್ಕೆ ಕರೆದೊಯ್ಯುತ್ತದೆ. ಮೆನುಗಳ ಹೆಸರು ಅಪ್‌ಡೇಟ್‌ಗಳಲ್ಲಿ ಆಗಾಗ ಬದಲಾಗುತ್ತವೆ, ಹುಡುಕುವುದೇ ಸುಲಭ.

ಕನ್ನಡದಲ್ಲಿ ಬರೆಯುವವರು ಅಲ್ಲೇ 'ಇನ್‌ಪುಟ್' ಅಂತ ಹುಡುಕಿ ಕನ್ನಡ ಸೇರಿಸಿ. ಉಚ್ಚಾರಣೆಯಂತೆ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುವ ಆಯ್ಕೆಯೂ ಇದೆ. ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಎರಡು ಭಾಷೆಗಳ ನಡುವೆ ಓಡಾಡಬಹುದು. ನಿಜವಾದ ಕೀಬೋರ್ಡ್‌ನಲ್ಲಿ ಪುಟಗಟ್ಟಲೆ ಕನ್ನಡ ಬರೆಯುವ ಸುಖ ಟ್ಯಾಬ್ಲೆಟ್‌ನ ಗಾಜಿನ ಮೇಲೆ ಸಿಗುವುದಿಲ್ಲ.

ಅಕ್ಷರ ಸಣ್ಣದು ಅನಿಸಿದರೆ ಕಂಟ್ರೋಲ್, ಶಿಫ್ಟ್ ಜೊತೆ ಪ್ಲಸ್ ಒತ್ತಿ. ಇಡೀ ಪರದೆ ದೊಡ್ಡದಾಗುತ್ತದೆ. ಮೈನಸ್ ಒತ್ತಿದರೆ ಚಿಕ್ಕದು. ಬೆರಳಿನಿಂದ ಬಳಸುವಾಗ ಒಂದು ಹಂತ ದೊಡ್ಡದೇ ಇರಲಿ, ಗುಂಡಿಗಳು ತಪ್ಪದೆ ಸಿಗುತ್ತವೆ.

4. ಟ್ಯಾಬ್ಲೆಟ್ ಮೋಡ್‌ಗೆ ಬೆರಳು ಒಗ್ಗಿಸಿ

ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಅಥವಾ ಕೀಬೋರ್ಡ್ ಕಳಚಿ. ಕೀಬೋರ್ಡ್, ಟಚ್‌ಪ್ಯಾಡ್ ಎರಡೂ ತಾವಾಗಿಯೇ ನಿಂತುಹೋಗುತ್ತವೆ. ಹಿಡಿದಾಗ ಬೆರಳಿಗೆ ಕೀಲಿಗಳು ತಾಗುತ್ತವೆ, ಒತ್ತಿಹೋಗುತ್ತವೆ ಕೂಡ, ಆದರೆ ಪರದೆಯ ಮೇಲೆ ಏನೂ ಆಗುವುದಿಲ್ಲ. ಮೊದಮೊದಲು ಇದು ವಿಚಿತ್ರ ಅನಿಸುತ್ತದೆ, ಎರಡು ದಿನದಲ್ಲಿ ಮರೆತುಹೋಗುತ್ತದೆ. ಕಿಟಕಿಗಳೆಲ್ಲ ಪರದೆ ತುಂಬ ಹರಡಿಕೊಳ್ಳುತ್ತವೆ. ಬರೆಯುವ ಜಾಗ ಮುಟ್ಟಿದರೆ ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ.

ಕಲಿಯಬೇಕಾದ ಚಲನೆಗಳು ನಾಲ್ಕೇ. ಕೆಳಗಿನ ಅಂಚಿನಿಂದ ಬೆರಳನ್ನು ಸ್ವಲ್ಪವೇ ಮೇಲಕ್ಕೆ ಎಳೆದರೆ ಆ್ಯಪ್‌ಗಳ ಪಟ್ಟಿ ಇಣುಕುತ್ತದೆ. ಉದ್ದಕ್ಕೆ ಎಳೆದು ಬಿಟ್ಟರೆ ಹೋಮ್. ಎಳೆದು ನಡುವೆ ತಡೆದು ಹಿಡಿದರೆ ತೆರೆದಿರುವ ಎಲ್ಲ ಕಿಟಕಿಗಳು ಒಟ್ಟಿಗೆ ಕಾಣುತ್ತವೆ. ಎಡ ಅಂಚಿನಿಂದ ಒಳಕ್ಕೆ ಎಳೆದರೆ ಒಂದು ಹೆಜ್ಜೆ ಹಿಂದೆ. ಮೊದಲ ಮೂರೂ ಒಂದೇ ಜಾಗದಿಂದ ಶುರುವಾಗುವುದರಿಂದ ಗೊಂದಲ ಸಹಜ. ವ್ಯತ್ಯಾಸ ಇರುವುದು ಎಷ್ಟು ದೂರ ಎಳೆದಿರಿ, ಎಲ್ಲಿ ನಿಲ್ಲಿಸಿದಿರಿ ಅನ್ನುವುದರಲ್ಲಿ. ಒಮ್ಮೆ ಕೂತು ನಿಧಾನವಾಗಿ ಹತ್ತಾರು ಸಲ ಮಾಡಿ ನೋಡಿ, ಕೈಗೆ ಬಂದುಬಿಡುತ್ತದೆ. ವಯಸ್ಸಾದವರಿಗೆ ಇದು ಕಷ್ಟವಾದರೆ ಸೆಟ್ಟಿಂಗ್ಸ್‌ನ 'ಆ್ಯಕ್ಸೆಸಿಬಿಲಿಟಿ'ಯಲ್ಲಿ ಟ್ಯಾಬ್ಲೆಟ್ ಮೋಡ್‌ಗೆ ನ್ಯಾವಿಗೇಷನ್ ಬಟನ್ ತೋರಿಸುವ ಆಯ್ಕೆ ಆನ್ ಮಾಡಿಕೊಡಿ. ಮುಟ್ಟಿದರೆ ಸಾಕು, ಎಳೆಯಬೇಕಾಗಿಲ್ಲ.

ಎರಡು ಕಿಟಕಿ ಅಕ್ಕಪಕ್ಕ ಬೇಕೇ? ಎಲ್ಲ ಕಿಟಕಿಗಳು ಕಾಣುವಾಗ ಒಂದನ್ನು ಒತ್ತಿ ಹಿಡಿದು ಎಡ ಅಥವಾ ಬಲ ಅಂಚಿಗೆ ಎಳೆಯಿರಿ, ಆಮೇಲೆ ಇನ್ನೊಂದನ್ನು ಮುಟ್ಟಿ. ಒಂದು ಕಡೆ ಪಾಠದ ವಿಡಿಯೋ, ಇನ್ನೊಂದು ಕಡೆ ಟಿಪ್ಪಣಿ, ಆರಾಮಾಗಿ ನಡೆಯುತ್ತದೆ. ಸ್ಕ್ರೀನ್‌ಶಾಟ್‌ಗೆ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯನ್ನು ಒಟ್ಟಿಗೆ ಒತ್ತಿ.

ಪರದೆ ಪದೇಪದೇ ತಿರುಗಿ ಕಾಡಿದರೆ ಬಲ ಮೂಲೆಯಲ್ಲಿ ಸಮಯ ತೋರಿಸುವ ಜಾಗ ಮುಟ್ಟಿ, ಅಲ್ಲಿ ತಾನಾಗಿ ತಿರುಗುವುದನ್ನು ನಿಲ್ಲಿಸಿ.

5. ಎತ್ತಿ ಹಿಡಿಯಬೇಡಿ, ನಿಲ್ಲಿಸಿ

ಭಾರದ ಸಮಸ್ಯೆಗೆ ಪರಿಹಾರ ಇರುವುದು ನಿಲ್ಲಿಸುವ ಬಗೆಯಲ್ಲಿ. ಮಡಚುವ ಕ್ರೋಮ್‌ಬುಕ್‌ಗೆ ಇದರಲ್ಲಿ ಟ್ಯಾಬ್ಲೆಟ್‌ಗಿಂತ ಹೆಚ್ಚು ದಾರಿಗಳಿವೆ.

ಡೇರೆಯ ಹಾಗೆ ತಲೆಕೆಳಗಾಗಿ ನಿಲ್ಲಿಸುವುದು ಒಂದು. ಎರಡು ಅಂಚುಗಳಷ್ಟೇ ಕೆಳಗೆ ತಾಗುತ್ತವೆ, ಕೀಬೋರ್ಡ್ ಹಿಂದೆ ಉಳಿಯುತ್ತದೆ. ಅಡುಗೆಮನೆಯ ಕಟ್ಟೆಗೆ, ಚಿಕ್ಕ ಮೇಜಿಗೆ ಇದು ಸರಿ. ಜಾಗವೂ ಕಡಿಮೆ ಸಾಕು, ಕೀಲಿಗಳ ಮೇಲೆ ಏನೂ ಚೆಲ್ಲುವುದಿಲ್ಲ. ಇನ್ನೊಂದು, ಕೀಬೋರ್ಡನ್ನು ಕೆಳಮುಖ ಮಾಡಿ ಮಲಗಿಸಿ ಪರದೆಯನ್ನು ನಿಮ್ಮ ಕಡೆ ನಿಲ್ಲಿಸುವುದು. ಸಿನಿಮಾ ನೋಡಲು ಒಳ್ಳೆಯದು, ಕೀಬೋರ್ಡ್ ಅಡ್ಡ ಬರುವುದಿಲ್ಲ. ಇಡುವ ಜಾಗ ಮೊದಲು ಒರೆಸಿ. ಕೀಲಿಗಳ ಸಂದಿಗೆ ಮರಳು, ತಿಂಡಿಯ ಪುಡಿ ಸೇರುವುದು ಹೀಗೇ.

ಮಲಗಿ ಓದುವವರಿಗೆ ನನ್ನ ಇಷ್ಟದ ಬಗೆ ಬೇರೆ. ಪೂರ್ತಿ ಮಡಚಬೇಡಿ. ಮಾಮೂಲಿ ಲ್ಯಾಪ್‌ಟಾಪ್ ಹಾಗೆ ತೆರೆದು, ಇಡೀ ಯಂತ್ರವನ್ನು ಪಕ್ಕಕ್ಕೆ ಉರುಳಿಸಿ ನಿಲ್ಲಿಸಿ, ಅರ್ಧ ತೆರೆದ ಪುಸ್ತಕ ನಿಂತ ಹಾಗೆ. ಈಗ ಕಂಟ್ರೋಲ್, ಶಿಫ್ಟ್ ಜೊತೆ ರಿಫ್ರೆಶ್ ಕೀಲಿ (ಮೇಲಿನ ಸಾಲಿನಲ್ಲಿ ಸುತ್ತು ಬಾಣದ ಗುರುತು ಇರುವುದು) ಒತ್ತಿ. ದಿಕ್ಕು ಬದಲಿಸಲೇ ಅಂತ ಕೇಳಿದರೆ ಒಪ್ಪಿಕೊಳ್ಳಿ. ಪ್ರತಿ ಸಲ ಒತ್ತಿದಾಗಲೂ ಪರದೆ ಕಾಲು ಸುತ್ತು ತಿರುಗುತ್ತದೆ, ಅಕ್ಷರಗಳು ನೇರವಾಗಿ ನಿಲ್ಲುವವರೆಗೆ ಒತ್ತಿ. ಕೀಬೋರ್ಡ್ ಇರುವ ಅರ್ಧವೇ ಆಸರೆಯಾಗುತ್ತದೆ, ಪಕ್ಕಕ್ಕೆ ಮಲಗಿ ಒಂದು ಬೆರಳಿನಿಂದ ಪುಟ ಸರಿಸುತ್ತಾ ಓದಬಹುದು. ಕೈಗೆ ತೂಕವೇ ಇಲ್ಲ. ರಾತ್ರಿಯಾದರೆ ಪರದೆಯ ಬೆಳಕನ್ನು ಹಳದಿಯತ್ತ ತಿರುಗಿಸುವ ನೈಟ್ ಲೈಟ್ ಹಾಕಿಕೊಳ್ಳಿ.

ಎ4 ಅಳತೆಯ ಪಿಡಿಎಫ್ ಓದುವಾಗ ಮಾತ್ರ ಉದ್ದಕ್ಕೆ ತಿರುಗಿಸುವುದು ಅಷ್ಟು ಲಾಭವಿಲ್ಲ. 16:9 ಪರದೆಯಲ್ಲಿ ಪುಟದ ಮೇಲೂ ಕೆಳಗೂ ಜಾಗ ಖಾಲಿ ಉಳಿದು ಅಕ್ಷರ ಚಿಕ್ಕದಾಗುತ್ತದೆ. ಅಡ್ಡಲಾಗಿಯೇ ಇಟ್ಟು ಅರ್ಧರ್ಧ ಪುಟ ಓದಿ. ಅಂಚಿನಲ್ಲಿ ಗೀಚಬೇಕಾದರೆ ಯಂತ್ರದಲ್ಲೇ ಇರುವ 'ಗ್ಯಾಲರಿ' ಆ್ಯಪ್‌ನಲ್ಲಿ ಪಿಡಿಎಫ್ ತೆರೆಯಿರಿ.

6. ಆ್ಯಪ್ ಬೇಕೋ, ವೆಬ್‌ಸೈಟ್ ಸಾಕೋ

ಟ್ಯಾಬ್ಲೆಟ್‌ನಿಂದ ಬಂದವರು ಮೊದಲು ಮಾಡುವ ಕೆಲಸ ಪ್ಲೇ ಸ್ಟೋರ್ ತೆರೆದು ಹಳೆಯ ಆ್ಯಪ್‌ಗಳನ್ನೆಲ್ಲ ಹಾಕುವುದು. ತಡೆಯಿರಿ. ಕ್ರೋಮ್‌ಬುಕ್ಕಿನ ಜೀವ ಇರುವುದು ಬ್ರೌಸರ್‌ನಲ್ಲಿ. ಆಂಡ್ರಾಯ್ಡ್ ಆ್ಯಪ್‌ಗಳು ಓಡಲು ಒಳಗೆ ಇನ್ನೊಂದು ಆಂಡ್ರಾಯ್ಡ್ ಎದ್ದು ಕೂರಬೇಕು. 4 ಜಿಬಿ ಯಂತ್ರಕ್ಕೆ ಅದು ಭಾರ.

ಹಾಗಾಗಿ ಮೊದಲು ಸೈಟನ್ನೇ ತೆರೆಯಿರಿ. ವಿಳಾಸದ ಪಟ್ಟಿಯ ಬಲತುದಿಯಲ್ಲಿ ಇನ್‌ಸ್ಟಾಲ್ ಗುರುತು ಕಂಡರೆ ಒತ್ತಿ, ಇಲ್ಲದಿದ್ದರೆ ಮೂರು ಚುಕ್ಕಿಯ ಮೆನುವಿನಲ್ಲಿ ಹುಡುಕಿ. ಆ ಸೈಟ್ ತನ್ನದೇ ಕಿಟಕಿ, ತನ್ನದೇ ಐಕಾನ್ ಇರುವ ಆ್ಯಪ್ ಆಗುತ್ತದೆ. ಸುದ್ದಿ, ಮೇಲ್, ವಿಡಿಯೋ, ಬ್ಯಾಂಕಿನ ಸೈಟ್ ಹೀಗೆ ಬಹುತೇಕ ಎಲ್ಲಕ್ಕೂ ಇದೇ ಸಾಕು. ಜಾಗ ಹಿಡಿಯುವುದೂ ಕಡಿಮೆ.

ಆಂಡ್ರಾಯ್ಡ್ ಆ್ಯಪ್ ಬೇಕಾಗುವುದು ವೆಬ್‌ನಲ್ಲಿ ಸಿಗದ ಆಟಗಳಿಗೆ, ಚಿತ್ರ ಬಿಡಿಸಲು, ಇಂಟರ್ನೆಟ್ ಇಲ್ಲದೆ ಓದಲು. ಕೆಲವು ಆ್ಯಪ್ ಫೋನ್ ಅಳತೆಯ ಸಣ್ಣ ಕಿಟಕಿಯಲ್ಲಿ ತೆರೆಯುತ್ತವೆ. ಕಿಟಕಿಯ ನೆತ್ತಿಯ ಮೇಲಿನ ಮೆನುವಿನಲ್ಲಿ ಟ್ಯಾಬ್ಲೆಟ್ ಅಳತೆ ಆರಿಸಿ ನೋಡಿ. ಕೆಲವು ಆ್ಯಪ್ ಕ್ರೋಮ್‌ಬುಕ್‌ಗೆ ಸಿಗುವುದೇ ಇಲ್ಲ. ಅಂಥದ್ದೊಂದು ಆ್ಯಪ್ ನಿಮಗೆ ದಿನವೂ ಬೇಕೇ ಬೇಕು ಅಂದರೆ ಅದನ್ನು ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

7. ಇಂಟರ್ನೆಟ್ ಇಲ್ಲದ ಹೊತ್ತಿಗೆ

ಕ್ರೋಮ್‌ಬುಕ್ ಅಂದರೆ ಇಂಟರ್ನೆಟ್ ಇಲ್ಲದಿದ್ದರೆ ಸತ್ತ ಹಾಗೆ ಅನ್ನುವ ಮಾತು ಈಗ ನಿಜವಲ್ಲ. ಆದರೆ ಮೊದಲೇ ತಯಾರಿ ಬೇಕು. 'ಫೈಲ್ಸ್' ಆ್ಯಪ್‌ನಲ್ಲಿ ಗೂಗಲ್ ಡ್ರೈವ್‌ಗೆ ಹೋಗಿ ಬೇಕಾದ ಫೈಲ್‌ಗಳಿಗೆ ಆಫ್‌ಲೈನ್ ಗುರುತು ಹಾಕಿ. ಗೂಗಲ್ ಡಾಕ್ಸ್‌ನ ಸೆಟ್ಟಿಂಗ್‌ನಲ್ಲೂ ಆಫ್‌ಲೈನ್ ಆನ್ ಮಾಡಿ. ಪುಸ್ತಕಗಳನ್ನು ಓದುವ ಆ್ಯಪ್‌ನಲ್ಲಿ ಇಳಿಸಿಕೊಳ್ಳಿ. ಆಮೇಲೆ ವೈಫೈ ಆಫ್ ಮಾಡಿ ಒಮ್ಮೆ ಎಲ್ಲ ತೆರೆದು ನೋಡಿ. ಪ್ರಯಾಣಕ್ಕೆ ಹೊರಡುವ ಮೊದಲು ಈ ಪರೀಕ್ಷೆ ತಪ್ಪಿಸಬೇಡಿ.

ಸಿನಿಮಾ, ಹಾಡು, ಫೋಟೋ ಇರುವ ಪೆನ್‌ಡ್ರೈವ್ ಸುಮ್ನೆ ಚುಚ್ಚಿದರೆ ಸಾಕು. ಅಡಾಪ್ಟರ್ ಹುಡುಕುವ ಕೆಲಸವಿಲ್ಲದೆ ಮಾಮೂಲಿ ಯುಎಸ್‌ಬಿ ಕಿಂಡಿ ಸಿಗುವುದು ಮಡಚುವ ಮಾದರಿಗಳ ದೊಡ್ಡ ಅನುಕೂಲ. ಬಹಳಷ್ಟು ಕ್ರೋಮ್‌ಬುಕ್‌ಗಳಲ್ಲಿ ಸಿಮ್ ಇರುವುದಿಲ್ಲ, ಹೊರಗೆ ಹೋದಾಗ ಫೋನ್‌ನ ಹಾಟ್‌ಸ್ಪಾಟ್ ಬೇಕು. ಆಗ ಆ ವೈಫೈಯನ್ನು 'ಮೀಟರ್ಡ್' (ಡೇಟಾಕ್ಕೆ ಮಿತಿ ಇರುವುದು) ಅಂತ ಗುರುತು ಮಾಡಿಡಿ, ಡೇಟಾ ಸುಮ್ಮನೆ ಸುರಿದು ಹೋಗುವುದಿಲ್ಲ.

8. ಪೆನ್, ಕ್ಯಾಮೆರಾ

ಪೆನ್ ಬೇಕಾದರೆ ಯಂತ್ರದ ವಿವರದಲ್ಲಿ ಯುಎಸ್‌ಐ ಅಂತ ಇದೆಯೇ ನೋಡಿ. ಹಲವು ಕಂಪನಿಗಳು ಒಪ್ಪಿಕೊಂಡ ಪೆನ್ನಿನ ಗುಣಮಟ್ಟ ಅದು. ಯಂತ್ರಕ್ಕೂ ಪೆನ್ನಿಗೂ ಯುಎಸ್‌ಐನ ಒಂದೇ ಆವೃತ್ತಿ ಇದೆಯೇ ಅಂತ ತಾಳೆ ನೋಡಿ. ಅದಿಲ್ಲದ ಪರದೆಯ ಮೇಲೆ ರಬ್ಬರ್ ತುದಿಯ ಕಡ್ಡಿ ಓಡುತ್ತದೆ, ಆದರೆ ಅದು ಬೆರಳಿಗಿಂತ ಉತ್ತಮವೇನಲ್ಲ. ಅಗ್ಗದ ಮಾದರಿಗಳ ಕ್ಯಾಮೆರಾ ವಿಡಿಯೋ ಕಾಲ್‌ಗೆ ಸಾಕು, ಫೋಟೋಗೆ ಫೋನೇ ವಾಸಿ.

9. ಮನೆಯವರೆಲ್ಲ ಬಳಸುವುದಾದರೆ

ಒಂದೇ ಯಂತ್ರದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಡಿ. ಒಬ್ಬರ ಫೈಲ್, ಪಾಸ್‌ವರ್ಡ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಕ್ಕಳ ಅಕೌಂಟನ್ನು ಗೂಗಲ್‌ನ ಫ್ಯಾಮಿಲಿ ಲಿಂಕ್‌ಗೆ ಸೇರಿಸಿದರೆ ಎಷ್ಟು ಹೊತ್ತು, ಯಾವ ಸೈಟ್ ಅನ್ನುವುದನ್ನು ನಿಮ್ಮ ಫೋನ್‌ನಿಂದಲೇ ನೋಡಿಕೊಳ್ಳಬಹುದು. ಬಂದ ನೆಂಟರು ಐದು ನಿಮಿಷ ಕೇಳಿದರೆ ಗೆಸ್ಟ್ ಮೋಡ್ ತೆರೆದು ಕೊಡಿ. ಮುಗಿಸಿ ಹೊರಬಂದ ಕೂಡಲೇ ಅವರು ನೋಡಿದ್ದೆಲ್ಲ ಯಂತ್ರದಿಂದ ಅಳಿಸಿಹೋಗುತ್ತದೆ.

10. ನಿಧಾನವಾದರೆ, ಸಿಕ್ಕಿಹಾಕಿಕೊಂಡರೆ

ಮೊದಲು ಟ್ಯಾಬ್‌ಗಳನ್ನು ಮುಚ್ಚಿ. ಯಾವುದು ರ್‍ಯಾಮ್ ತಿನ್ನುತ್ತಿದೆ ಅಂತ ನೋಡಲು ಸರ್ಚ್ ಕೀಲಿ (ಮಾಮೂಲಿ ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಇರುವ ಜಾಗದ್ದು) ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ 'ಮೆಮೊರಿ ಸೇವರ್' ಆನ್ ಇರಲಿ. ಆಂಡ್ರಾಯ್ಡ್ ಆ್ಯಪ್ ಬಳಸದೇ ಇರುವವರು ಪ್ಲೇ ಸ್ಟೋರನ್ನೇ ತೆಗೆದುಹಾಕಿದರೆ ಹಳೆಯ ಯಂತ್ರವೂ ಹಗುರಾಗುತ್ತದೆ.

ಪರದೆ ಸ್ತಬ್ಧವಾಗಿ ಏನೂ ಕೇಳದಿದ್ದರೆ ರಿಫ್ರೆಶ್ ಮತ್ತು ಪವರ್ ಗುಂಡಿಯನ್ನು ಒಟ್ಟಿಗೆ ಒತ್ತಿ. ಕೀಬೋರ್ಡ್ ಕಳಚುವ ಮಾದರಿಯಾದರೆ ವಾಲ್ಯೂಮ್ ಹೆಚ್ಚಿಸುವ ಗುಂಡಿ ಮತ್ತು ಪವರ್ ಎರಡನ್ನೂ 10 ಸೆಕೆಂಡ್ ಹಿಡಿದುಕೊಳ್ಳಿ.

ಯಾವುದಕ್ಕೂ ಬಗ್ಗದಿದ್ದರೆ ಪವರ್‌ವಾಶ್. ಇದು ಯಂತ್ರದೊಳಗಿನ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡುತ್ತದೆ. ಗೂಗಲ್ ಡ್ರೈವ್‌ನಲ್ಲಿದ್ದದ್ದು ಉಳಿಯುತ್ತದೆ, 'ಡೌನ್‌ಲೋಡ್ಸ್' ಫೋಲ್ಡರ್‌ನಲ್ಲಿದ್ದದ್ದು ಹೋಗುತ್ತದೆ. ಆದ್ದರಿಂದ ಮೊದಲು ಆ ಫೋಲ್ಡರ್ ತೆರೆದು ಬೇಕಾದ್ದನ್ನು ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿಕೊಳ್ಳಿ. ಆಮೇಲೆ ಲಾಗಿನ್ ಪರದೆಯಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿ, ಕೇಳಿದ್ದಕ್ಕೆ ಒಪ್ಪಿಗೆ ಕೊಡಿ. ಮತ್ತೆ ನಿಮ್ಮ ಅಕೌಂಟ್‌ನಿಂದ ಒಳಗೆ ಹೋದರೆ ಬುಕ್‌ಮಾರ್ಕ್‌ಗಳು, ಆ್ಯಪ್‌ಗಳು, ಬಹಳಷ್ಟು ಸೆಟ್ಟಿಂಗ್‌ಗಳು ತಾವಾಗಿಯೇ ವಾಪಸ್ ಬರುತ್ತವೆ. ಪಿನ್ ಅನ್ನು ಮಾತ್ರ ಮತ್ತೆ ಹಾಕಿಕೊಳ್ಳಬೇಕು.